ಮೊದಲು ಕೊಳ್ಳಬೇಕಾದ ಅನಲಾಗ್ ಸಿಂತ್ ಯಾವುದು? ವೋಲ್ಕಾ, ಮೊನೊಲಾಗ್, ಕ್ರೇವ್, ಯುರೋರ‍್ಯಾಕ್: ಕರಾವಳಿಯವರಿಗೊಂದು ಹೋಲಿಕೆ

"ವೋಲ್ಕಾ ಸಾಕಾ, ಮೊನೊಲಾಗ್‌ಗೇ ಹೋಗಲಾ?" "ಕ್ರೇವ್ ಕಡಿಮೆಗೆ ಸಿಗ್ತಾ ಉಂಟು, ತಗೊಳ್ಳಬಹುದಾ?" "ಎರಡೆರಡು ಸಲ ದುಡ್ಡು ಹಾಕುವ ಬದಲು ನೇರ ಯುರೋರ‍್ಯಾಕ್ ಶುರು ಮಾಡಿದರೆ ಹೇಗೆ?" ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅನಲಾಗ್ ಸಿಂತ್ ಅಂದರೆ ವಿದ್ಯುತ್ ಸರ್ಕಿಟ್‌ನಿಂದಲೇ ಶಬ್ದ ಹುಟ್ಟಿಸುವ ವಾದ್ಯ. ವೋಲ್ಕಾ, ಮೊನೊಲಾಗ್, ಕ್ರೇವ್ ಅಂಥ ಸಿದ್ಧ ಪೆಟ್ಟಿಗೆಗಳು, ಯುರೋರ‍್ಯಾಕ್ ಅಂದರೆ ಬಿಡಿ ಬಿಡಿ ಮಾಡ್ಯೂಲ್‌ಗಳನ್ನು ವಯರ್‌ನಿಂದ ಕೂಡಿಸಿ ಕಟ್ಟುವ ಮಾಡ್ಯುಲರ್ ಸಿಂತ್. ಕೇಳುವವರು ಮಾತ್ರ ಬೇರೆ ಬೇರೆ. ಮಣಿಪಾಲದ ಹಾಸ್ಟೆಲ್ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಬೀಟ್ ಕಟ್ಟುವ ವಿದ್ಯಾರ್ಥಿ ಒಬ್ಬರು. ಮಂಗಳೂರಿನ ಚರ್ಚ್ ಕಾಯರ್‌ನಲ್ಲಿ ವರ್ಷಗಳಿಂದ ಕೀಬೋರ್ಡ್ ನುಡಿಸುತ್ತಿರುವವರು ಇನ್ನೊಬ್ಬರು. ಉಡುಪಿ ಕಡೆಯ ಚೆಂಡೆ ಕಲಾವಿದರು, ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಾ ಬೆಸುಗೆ ಹಾಕುವ ಹುಚ್ಚು ಹಿಡಿಸಿಕೊಂಡವರು, ಎಲ್ಲರೂ ಇದ್ದಾರೆ. ಎಲ್ಲರೂ ನೋಡಿರುವುದು ಅದೇ ನಾಲ್ಕೈದು ಡೆಮೊ ವಿಡಿಯೊ. ಇವರೆಲ್ಲರಿಗೂ ಒಂದೇ ಉತ್ತರ ಕೊಟ್ಟರೆ ಅದು ಯಾರಿಗೂ ಹೊಂದುವುದಿಲ್ಲ.

ಹಾಗಾಗಿ ಮೊದಲು ಅಳೆಯುವ ಕ್ರಮ ಹೇಳುತ್ತೇನೆ. ಪೆಟ್ಟಿಗೆಗಳ ಮಾತು ಆಮೇಲೆ.

ಏನನ್ನು ನೋಡಿ ಆರಿಸಬೇಕು?

ಎಲ್ಲಕ್ಕಿಂತ ಮೊದಲ ಪ್ರಶ್ನೆ: ಸಂಜೆ ಕೆಲಸ ಮುಗಿಸಿ ಬಂದು ಇದರ ಮುಂದೆ ಕೂತಾಗ ನಿಮ್ಮ ಕೈ ಏನು ಮಾಡುತ್ತದೆ? ರಾಗ ನುಡಿಸುತ್ತದಾ, ಬೀಟ್ ಕಟ್ಟುತ್ತದಾ, ಅಥವಾ ವಯರ್ ಚುಚ್ಚಿ ನಾಬ್ ತಿರುಗಿಸಿ ಹೊಸ ಶಬ್ದ ಹುಡುಕುತ್ತದಾ? ಈ ಮೂರೂ ಬೇರೆ ಬೇರೆ ಚಟ. ನುಡಿಸುವವರಿಗೆ ಕೀ ಬೇಕು. ಬೀಟ್ ಕಟ್ಟುವವರಿಗೆ ಸೀಕ್ವೆನ್ಸರ್ (ಹೆಜ್ಜೆ ಹೆಜ್ಜೆಯಾಗಿ ತುಂಬಿಸಿದ ಸ್ವರಗಳನ್ನು ತಾನೇ ನುಡಿಸುತ್ತಾ ಸುತ್ತುವ ಭಾಗ) ಚೆನ್ನಾಗಿರಬೇಕು. ಹುಡುಕುವವರಿಗೆ ಪ್ಯಾಚ್ ಪಾಯಿಂಟ್, ಅಂದರೆ ವಯರ್ ಚುಚ್ಚುವ ಜ್ಯಾಕ್ ಬೇಕು. ಮೂರೂ ಚೆನ್ನಾಗಿರುವ ಕಡಿಮೆ ಬೆಲೆಯ ಪೆಟ್ಟಿಗೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಎರಡನೆಯದು ಮೆಮೊರಿ. ಹಳೆಯ ಕಾಲದ ಅನಲಾಗ್ ಸಿಂತ್‌ಗಳಲ್ಲಿ ಶಬ್ದವನ್ನು ಉಳಿಸಿಡುವ ವ್ಯವಸ್ಥೆಯೇ ಇರಲಿಲ್ಲ. 1970ರ ಮಿನಿಮೂಗ್‌ನಲ್ಲಿ ನಾಬ್‌ಗಳು ನಿಂತ ಜಾಗವೇ ಮೆಮೊರಿ. ಇವತ್ತಿಗೂ ಕ್ರೇವ್, ವೋಲ್ಕಾ ಕೀಸ್ ಎರಡರಲ್ಲೂ ಸೀಕ್ವೆನ್ಸ್ ಉಳಿಯುತ್ತದೆಯೇ ಹೊರತು ನಾಬ್‌ಗಳ ಸ್ಥಿತಿ ಉಳಿಯುವುದಿಲ್ಲ. ಮನೆಯಲ್ಲಿ ಆಡಿಕೊಂಡಿರುವವರಿಗೆ ಇದು ದೊಡ್ಡ ಸಂಗತಿ ಅಲ್ಲ. ರಸಮಂಜರಿ ವೇದಿಕೆಯಲ್ಲಿ ಒಂದು ಹಾಡಿನಿಂದ ಇನ್ನೊಂದಕ್ಕೆ ಹಾರಬೇಕಾದವರಿಗೆ ಇದೇ ದೊಡ್ಡ ಸಂಗತಿ.

ಮೂರನೆಯದು ಶ್ರುತಿ. ನೀವು ತಂಬೂರ ಅಥವಾ ಶ್ರುತಿ ಪೆಟ್ಟಿಗೆಯ ಜೊತೆ ನುಡಿಸುವವರಾದರೆ ಸ್ವರಗಳನ್ನು ಬೇಕಾದಂತೆ ಹೊಂದಿಸಲು ಆಗುತ್ತದಾ ಎಂದು ನೋಡಲೇಬೇಕು. ಕೀಬೋರ್ಡಿನ ಅಂತರ ಗಾಂಧಾರ ಷಡ್ಜದಿಂದ ಸರಿಯಾಗಿ 400 ಸೆಂಟ್ (ಒಂದು ಸ್ಥಾಯಿಗೆ 1200 ಸೆಂಟ್) ಮೇಲಿರುತ್ತದೆ. ತಂಬೂರದ ನಾದದೊಳಗೆ ತಾನಾಗಿ ಕೇಳಿಸುವ ಗಾಂಧಾರ ಇರುವುದು ಸುಮಾರು 386 ಸೆಂಟ್‌ನಲ್ಲಿ. ಆ 14 ಸೆಂಟ್ ಕಿವಿಗೆ ಚುಚ್ಚುತ್ತದೆ. ಪಂಚಮದಲ್ಲಿ ವ್ಯತ್ಯಾಸ ಬರೀ 2 ಸೆಂಟ್, ಹಾಗಾಗಿ ಅಲ್ಲಿ ಗೊತ್ತಾಗುವುದಿಲ್ಲ.

ನಾಲ್ಕನೆಯದು ಒಟ್ಟು ಖರ್ಚು. ಪೆಟ್ಟಿಗೆಯ ಬೆಲೆಯ ಮೇಲೆ ಅಡಾಪ್ಟರ್, ಕೇಬಲ್, ಕೇಳಲು ಒಂದು ಒಳ್ಳೆಯ ಹೆಡ್‌ಫೋನ್, ರೆಕಾರ್ಡ್ ಮಾಡಲು ಆಡಿಯೊ ಇಂಟರ್‌ಫೇಸ್ ಸೇರುತ್ತವೆ. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ, ಅದರ ಮೇಲೆ ಜಿಎಸ್‌ಟಿ, ಕೊರಿಯರ್‌ನವರ ಶುಲ್ಕ. ಡಾಲರ್ ಬೆಲೆಯನ್ನು ರೂಪಾಯಿಗೆ ಬದಲಿಸಿ "ಇಷ್ಟೇ ಅಲ್ವಾ" ಅಂದುಕೊಂಡವರು ಪಾರ್ಸೆಲ್ ಬಂದ ದಿನ ಬೆಚ್ಚಿಬೀಳುತ್ತಾರೆ. ಕೆಳಗೆ ನಾನು ಕೊಡುವ ಡಾಲರ್ ಬೆಲೆಗಳು ಅಮೆರಿಕದಲ್ಲಿ ಬಿಡುಗಡೆಯಾದಾಗಿನವು. ಒಂದಕ್ಕೊಂದು ಹೋಲಿಸಲು ಮಾತ್ರ ಅವನ್ನು ಬಳಸಿ.

ಕೊನೆಯದು ನಮ್ಮ ಊರು. ಇದನ್ನು ಯಾವ ಡೆಮೊದವರೂ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಆಟಿ ತಿಂಗಳಲ್ಲಿ ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಬರುವ ಜಾಗ ಇದು. ಕಡಲ ಗಾಳಿಯ ಉಪ್ಪು, ಮಳೆಗಾಲದ ತೇವ ಎರಡೂ ಸೇರಿ ಜ್ಯಾಕ್‌ಗಳ ಲೋಹಕ್ಕೆ ಕಿಲುಬು ಹಿಡಿಸುತ್ತವೆ. ನಾಬ್ ತಿರುಗಿಸಿದಾಗ ಕರಕರ ಶಬ್ದ ಶುರುವಾಗುತ್ತದೆ. ಜ್ಯಾಕ್ ಜಾಸ್ತಿ ಇದ್ದಷ್ಟೂ ತೇವ ನುಗ್ಗಲು ಬಾಗಿಲು ಜಾಸ್ತಿ. ಇನ್ನು ಕರೆಂಟ್. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು, ಮಳೆಗಾಲದ ವೋಲ್ಟೇಜ್ ಏರಿಳಿತ, ಆಗಾಗ ಹೋಗಿ ಬರುವ ಕರೆಂಟ್. ಸೆಲ್‌ನಲ್ಲಿ ನಡೆಯುವ ಪೆಟ್ಟಿಗೆಗೆ ಇಲ್ಲಿ ಇರುವ ಬೆಲೆ ಬರ್ಲಿನ್‌ನಲ್ಲಿ ಇರಲಿಕ್ಕಿಲ್ಲ.

ಬಿಸಿಯ ಮಾತೂ ಇದೆ. ಅನಲಾಗ್ ಆಸಿಲೇಟರ್‌ನಲ್ಲಿ (ಮೂಲ ನಾದ ಹುಟ್ಟಿಸುವ ಭಾಗ) ಸ್ವರವನ್ನು ನಿರ್ಧರಿಸುವ ಟ್ರಾನ್ಸಿಸ್ಟರ್‌ಗಳು ಬಿಸಿಗೆ ಸ್ಪಂದಿಸುತ್ತವೆ. ಅದನ್ನು ಸರಿದೂಗಿಸುವ ಬಿಡಿಭಾಗ ಹಾಕಿರುತ್ತಾರೆ, ಆದರೂ ಸ್ವಲ್ಪ ಜಾರಾಟ ಉಳಿಯುತ್ತದೆ. ಆನ್ ಮಾಡಿ ಒಂದಷ್ಟು ಹೊತ್ತು ಬಿಟ್ಟು ಆಮೇಲೆ ಶ್ರುತಿ ಮಾಡಿ. ನಡುವೆ ಎಸಿ ಹಾಕಿದರೆ ಮತ್ತೆ ನೋಡಬೇಕು.

ಡೆಮೊ ನೋಡುವ ರೀತಿ

ವಿಡಿಯೊ ನೋಡದೆ ಯಾರೂ ಕೊಳ್ಳುವುದಿಲ್ಲ. ನೋಡಿ, ಆದರೆ ಫೋನಿನ ಸ್ಪೀಕರ್‌ನಲ್ಲಿ ಬೇಡ. ಅನಲಾಗ್ ಸಿಂತ್‌ನ ಗಮ್ಮತ್ತು ಇರುವುದೇ ತಗ್ಗು ಸ್ವರಗಳಲ್ಲಿ, ಫೋನ್ ಅದನ್ನು ನುಂಗಿ ಹಾಕುತ್ತದೆ. ಮೇಜಿನ ಮೇಲೆ ಬೇರೆ ಏನೇನಿದೆ ಎಂದು ಗಮನಿಸಿ. ಪಕ್ಕದಲ್ಲಿ ರಿವರ್ಬ್, ಡಿಲೇ ಪೆಡಲ್ ಇದ್ದರೆ ನೀವು ಮೆಚ್ಚಿದ್ದರಲ್ಲಿ ಅರ್ಧ ಪಾಲು ಅದರದ್ದು. ಒಂದೇ ಒಂದು ನಾಬ್ ಅನ್ನು ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸುವ ಭಾಗ ಇದೆಯಾ ಹುಡುಕಿ. ಫಿಲ್ಟರ್‌ನ, ಅಂದರೆ ಶಬ್ದದ ಒಂದಷ್ಟು ಅಂಶ ಸೋಸಿ ತೆಗೆಯುವ ಭಾಗದ, ನಿಜವಾದ ಗುಣ ಅಲ್ಲಿ ಗೊತ್ತಾಗುತ್ತದೆ. ಉದಾಹರಣೆಗೆ ಮೂಗ್ ಕಂಪನಿ ಮಾದರಿಯ ಲ್ಯಾಡರ್ ಫಿಲ್ಟರ್‌ನಲ್ಲಿ ರೆಸೊನೆನ್ಸ್ (ಸೋಸುವ ಗಡಿಯ ಸ್ವರವನ್ನು ಎತ್ತಿ ಕೇಳಿಸುವ ನಾಬ್) ಏರಿಸಿದ ಹಾಗೆ ತಗ್ಗು ಸ್ವರ ತೆಳ್ಳಗಾಗುತ್ತದೆ. ಕೆಲವರಿಗೆ ಅದೇ ಇಷ್ಟ, ಕೆಲವರಿಗೆ ಕಷ್ಟ.

ಸುದ್ದಿಯ ವಿಚಾರ ಒಂದೇ ಮಾತಿನಲ್ಲಿ: ಜನವರಿ ಹೊತ್ತಿಗೆ ಅಮೆರಿಕದ ನ್ಯಾಮ್ ಮೇಳ, ಮೇ ತಿಂಗಳಲ್ಲಿ ಬರ್ಲಿನ್‌ನ ಸೂಪರ್‌ಬೂತ್ ಬಂದಾಗ ಹೊಸ ಪೆಟ್ಟಿಗೆಗಳ ಸುರಿಮಳೆ. ಘೋಷಣೆಯಾದದ್ದು ಅಂಗಡಿಗೆ ಬರುವಷ್ಟರಲ್ಲಿ ವರ್ಷಗಳೇ ಕಳೆದದ್ದೂ ಇದೆ. ಬಂದ ಮೇಲೆ ನೋಡೋಣ ಎಂದಿಟ್ಟುಕೊಂಡು, ಇವತ್ತು ಸಿಗುವುದರಲ್ಲಿ ಆರಿಸಿ.

ದುಡ್ಡೇ ಬೇಡದ ದಾರಿ: ವಿಸಿವಿ ರ‍್ಯಾಕ್

ಯಾರೇ ಕೇಳಿದರೂ ನಾನು ಮೊದಲು ಇದನ್ನೇ ಹೇಳುವುದು. ವಿಸಿವಿ ರ‍್ಯಾಕ್ ಎಂಬುದು ಕಂಪ್ಯೂಟರಿನೊಳಗಿನ ಮಾಡ್ಯುಲರ್ ಸಿಂತ್. 2017ರಲ್ಲಿ ಬಂತು, 2021ರಲ್ಲಿ ಎರಡನೇ ಆವೃತ್ತಿ ಬಂತು. ಉಚಿತ ಆವೃತ್ತಿಯಲ್ಲೇ ಆಸಿಲೇಟರ್, ಫಿಲ್ಟರ್, ಎನ್ವೆಲಪ್ (ಶಬ್ದ ಏರಿ ಇಳಿಯುವ ರೀತಿ ನಿರ್ಧರಿಸುವ ಭಾಗ), ಎಲ್ಲ ಇದೆ. ಪರದೆಯ ಮೇಲೆ ವಯರ್ ಎಳೆದು ಜೋಡಿಸುವುದು, ಅಷ್ಟೇ. ಫ್ರಾನ್ಸ್‌ನ ಎಮಿಲಿ ಜಿಲೆ ಅವರ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್ ತನ್ನ ಮಾಡ್ಯೂಲ್‌ಗಳ ಕೋಡ್ ಮತ್ತು ವಿನ್ಯಾಸವನ್ನು ಎಲ್ಲರಿಗೂ ತೆರೆದಿಟ್ಟಿತ್ತು. ಹಾಗಾಗಿ ಜನ ಸಾವಿರಾರು ರೂಪಾಯಿ ಕೊಟ್ಟು ಕೊಂಡ ಮಾಡ್ಯೂಲ್‌ಗಳ ರೂಪಗಳು ಇಲ್ಲಿ ಪುಕ್ಕಟೆ ಸಿಗುತ್ತವೆ.

ಕೊರತೆ ಏನು? ಮೌಸ್ ಹಿಡಿದು ನಾಬ್ ತಿರುಗಿಸುವುದರಲ್ಲಿ ಸುಖ ಇಲ್ಲ. ಹಳೆಯ ಲ್ಯಾಪ್‌ಟಾಪ್ ಆದರೆ ದೊಡ್ಡ ಪ್ಯಾಚ್‌ಗೆ (ವಯರ್ ಜೋಡಣೆಗೆ) ಏದುಸಿರು ಬಿಡುತ್ತದೆ. ಉಚಿತ ಆವೃತ್ತಿಯನ್ನು ರೆಕಾರ್ಡಿಂಗ್ ಸಾಫ್ಟ್‌ವೇರಿನೊಳಗೆ ಪ್ಲಗಿನ್ ಆಗಿ ಬಳಸಲು ಆಗುವುದಿಲ್ಲ. ಅದಕ್ಕೆ ದುಡ್ಡು ಕೊಟ್ಟು ಪ್ರೊ ಆವೃತ್ತಿ ಕೊಳ್ಳಬೇಕು, ಇಲ್ಲವೇ ಇದರಿಂದಲೇ ಹುಟ್ಟಿದ ಕಾರ್ಡಿನಲ್ ಎಂಬ ಉಚಿತ ಪ್ಲಗಿನ್ ಬಳಸಬೇಕು. ಆದರೂ ಇದರಲ್ಲಿ ಕೆಲವು ವಾರ ಕಳೆದರೆ ನಿಮ್ಮ ಬಗ್ಗೆ ನಿಮಗೆ ಒಂದು ವಿಷಯ ತಿಳಿಯುತ್ತದೆ. ವಯರ್ ಜೋಡಿಸುತ್ತಾ ಹೊತ್ತು ಹೋದದ್ದೇ ಗೊತ್ತಾಗದಿದ್ದರೆ ನೀವು ಮಾಡ್ಯುಲರ್ ಕಡೆಯವರು. "ಇದೆಲ್ಲ ಯಾಕೆ, ನುಡಿಸೋಣ" ಅನ್ನಿಸಿದರೆ ಕೀ ಇರುವ ಸಿಂತ್ ಕೊಳ್ಳಿ. ಈ ತೀರ್ಮಾನ ದುಡ್ಡು ಹಾಕುವ ಮೊದಲೇ ಆಗುವುದು ಎಷ್ಟೋ ಒಳ್ಳೆಯದು.

ವೋಲ್ಕಾ: ಆರು ಪೆನ್ಸಿಲ್ ಸೆಲ್‌ನ ಸಂತೋಷ

ಕೊರ್ಗ್‌ನವರು 2013ರಲ್ಲಿ ವೋಲ್ಕಾ ಕೀಸ್, ವೋಲ್ಕಾ ಬಾಸ್, ವೋಲ್ಕಾ ಬೀಟ್ಸ್ ಎಂಬ ಮೂರು ಪುಟ್ಟ ಪೆಟ್ಟಿಗೆ ತಂದರು. ಒಂದೊಂದರ ಬೆಲೆ ಆಗ 150 ಡಾಲರ್ ಆಸುಪಾಸು. ಆಮೇಲೆ ಆ ಸಾಲಿಗೆ ಬೇರೆ ಬೇರೆ ಸೇರಿವೆ, ಅವೆಲ್ಲ ಅನಲಾಗ್ ಅಲ್ಲ, ಗಮನಿಸಿ. ಒಳಗೇ ಸ್ಪೀಕರ್ ಇದೆ. ಆರು ಪೆನ್ಸಿಲ್ ಸೆಲ್ ಹಾಕಿದರೆ ಆಯಿತು. ಕರೆಂಟ್ ಹೋದ ರಾತ್ರಿ ಚಾವಡಿಯಲ್ಲಿ ಕೂತು ನುಡಿಸಬಹುದು, ಮಲ್ಪೆ ಬೀಚಿಗೂ ಒಯ್ಯಬಹುದು (ಮರಳು, ಉಪ್ಪುಗಾಳಿಯ ಬಗ್ಗೆ ಮಾತ್ರ ಎಚ್ಚರ).

ಕೀಸ್‌ನಲ್ಲಿ ಮೂರು ಆಸಿಲೇಟರ್ ಇದೆ, ಫಿಲ್ಟರ್ ಒಂದೇ. ಅಂದರೆ ಮೂರು ಸ್ವರ ಒಟ್ಟಿಗೆ ಹಿಡಿದರೂ ಮೂರಕ್ಕೂ ಒಂದೇ ಫಿಲ್ಟರ್, ಒಂದೇ ಎನ್ವೆಲಪ್. ಒಳಗಿನ ಡಿಲೇ ಸ್ವಲ್ಪ ಒರಟು, ಆದರೆ ಅದರಿಂದಲೇ ಆ ಪುಟ್ಟ ಪೆಟ್ಟಿಗೆಗೆ ಒಂದು ಕಳೆ. ಕೀ ಎಂದು ಇರುವುದು ಮುಟ್ಟಿದರೆ ಕೆಲಸ ಮಾಡುವ ಪಟ್ಟಿ, ಬೆರಳಿಗೆ ಒತ್ತಿದ ಅನುಭವ ಸಿಗುವುದಿಲ್ಲ. ನಮ್ಮ ಸೆಕೆಯಲ್ಲಿ ಬೆವರಿದ ಬೆರಳು ಇನ್ನೂ ತೊಡಕು. ಮನೆಯಲ್ಲಿ ಮಿಡಿ ಔಟ್ (ಯಾವ ಕೀ ಒತ್ತಿದಿರಿ ಎಂದು ಬೇರೆ ವಾದ್ಯಕ್ಕೆ ತಿಳಿಸುವ ಕಿಂಡಿ) ಇರುವ ಹಳೆಯ ಕೀಬೋರ್ಡ್ ಇದ್ದರೆ ಅದನ್ನು ಜೋಡಿಸಿಬಿಡಿ, ಮಿಡಿ ಇನ್ ಇದೆ. ಹಾಸ್ಟೆಲ್‌ನಲ್ಲಿ ಇರುವವರಿಗೆ, ಬಜೆಟ್ ಬಿಗಿ ಇರುವವರಿಗೆ ನಾನು ಧೈರ್ಯವಾಗಿ ಹೇಳುವ ಪೆಟ್ಟಿಗೆ ಇದು. ಬೇಡವೆನಿಸಿದರೆ ಮಾರುವುದೂ ಸುಲಭ.

ಮೊನೊಲಾಗ್, ಮಿನಿಲಾಗ್: ನುಡಿಸುವವರ ಆಯ್ಕೆ

ಮೊನೊಲಾಗ್ ಬಗ್ಗೆ ನನಗೆ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. 299 ಡಾಲರ್‌ಗೆ ಬಂದ ಪೆಟ್ಟಿಗೆ. ಎರಡು ಆಸಿಲೇಟರ್, ಒಂದು ಸಲಕ್ಕೆ ಒಂದೇ ಸ್ವರ, 25 ಸಣ್ಣ ಕೀ, 16 ಹೆಜ್ಜೆಯ ಸೀಕ್ವೆನ್ಸರ್, ಶಬ್ದಗಳನ್ನು ಉಳಿಸಲು 100 ಜಾಗ. ಇದೂ ಆರು ಪೆನ್ಸಿಲ್ ಸೆಲ್‌ನಲ್ಲಿ ನಡೆಯುತ್ತದೆ. ಸ್ಪೀಕರ್ ಮಾತ್ರ ಇಲ್ಲ. ಪುಟ್ಟ ಪರದೆಯಲ್ಲಿ ತರಂಗದ ಆಕಾರ ಓಡುತ್ತಿರುತ್ತದೆ. ಕಲಿಯುವವರಿಗೆ ಅದು ಬಹಳ ಸಹಾಯ: ಫಿಲ್ಟರ್ ಮುಚ್ಚುತ್ತಾ ಬಂದ ಹಾಗೆ ಗರಗಸದ ಹಲ್ಲಿನಂಥ ತರಂಗ ದುಂಡಗಾಗುವುದನ್ನು ಕಣ್ಣಾರೆ ನೋಡಬಹುದು.

ಇದರ ದೊಡ್ಡ ಗುಣ ಮೈಕ್ರೊಟ್ಯೂನಿಂಗ್. ಏಫೆಕ್ಸ್ ಟ್ವಿನ್ ಹೆಸರಿನ ಬ್ರಿಟಿಷ್ ಸಂಗೀತಗಾರರ ಜೊತೆ ಸೇರಿ ಕೊರ್ಗ್ ಇದನ್ನು ಇದರೊಳಗೆ ತಂದಿತು. ಸ್ವರಸ್ವರವನ್ನೂ ಸೆಂಟ್ ಲೆಕ್ಕದಲ್ಲಿ ಏರಿಸಿ ಇಳಿಸಿ ನಿಮ್ಮದೇ ಒಂದು ಸ್ಕೇಲ್ ಮಾಡಿ ಉಳಿಸಬಹುದು. ಮೇಲೆ ಹೇಳಿದ ಗಾಂಧಾರವನ್ನು 14 ಸೆಂಟ್ ಇಳಿಸಿ ಶ್ರುತಿ ಪೆಟ್ಟಿಗೆ ಹಾಕಿಕೊಂಡು ಎಳೆದು ನುಡಿಸಿ ನೋಡಿ. ಎರಡು ನಾದಗಳ ನಡುವಿನ ಅಲೆ ನಿಂತು, ಸ್ವರ ಶ್ರುತಿಯೊಳಗೆ ಕರಗಿ ಕೂರುತ್ತದೆ. ಒಮ್ಮೆ ಅದನ್ನು ಕೇಳಿದವರಿಗೆ ಮಾಮೂಲಿ ಕೀಬೋರ್ಡ್‌ಗೆ ಮರಳುವುದು ಕಷ್ಟ.

ಒಂದೇ ಸ್ವರ ಬರುವ ಸಿಂತ್ ಯಾಕೆ ಎಂದು ಕಾಯರ್‌ನವರು ಕೇಳುತ್ತಾರೆ. ನಮ್ಮ ಸಂಗೀತಕ್ಕೆ ಅದು ಕೊರತೆ ಅಲ್ಲ, ಅನುಕೂಲ. ಸ್ವರದಿಂದ ಸ್ವರಕ್ಕೆ ಜಾರುವ ಪೋರ್ಟಮೆಂಟೊ ಇದ್ದರೆ ಗಮಕದ ಹತ್ತಿರಕ್ಕಾದರೂ ಹೋಗಬಹುದು. ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲೆಂಡ್‌ನ ಟಿಬಿ 303, ಟಿಆರ್ 808, ಜುಪಿಟರ್ 8 ಎಂಬ ಯಂತ್ರಗಳನ್ನು ಇಟ್ಟುಕೊಂಡು ರಾಗಗಳನ್ನು ರೆಕಾರ್ಡ್ ಮಾಡಿದ್ದರು. 303ರ ಸ್ವರ ಜಾರಿಸುವ ಗುಣ ರಾಗಕ್ಕೆ ಹೇಗೆ ಒಗ್ಗುತ್ತದೆ ಎಂಬುದು ಅಲ್ಲಿ ಸ್ಪಷ್ಟ ಕೇಳುತ್ತದೆ.

ಹಾಗಿದ್ದರೂ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿಯಲೇಬೇಕು, ಹಾಡಿನ ಹಿಂದೆ ತುಂಬಿದ ನಾದ ಬೇಕು ಎನ್ನುವವರಿಗೆ ಅದರ ಅಣ್ಣ ಮಿನಿಲಾಗ್ ಇದೆ. 2016ರಲ್ಲಿ 499 ಡಾಲರ್‌ಗೆ ಬಂತು. ನಾಲ್ಕು ಸ್ವರ ಒಟ್ಟಿಗೆ, ಒಂದೊಂದಕ್ಕೂ ಅದರದ್ದೇ ಫಿಲ್ಟರ್, 37 ಸಣ್ಣ ಕೀ. ಸೆಲ್ ಹಾಕಲು ಆಗುವುದಿಲ್ಲ, ಅಡಾಪ್ಟರ್ ಬೇಕೇ ಬೇಕು. ಎರಡರಲ್ಲೂ ಕೀ ಸಣ್ಣವು, ಪಿಯಾನೊ ಅಳತೆಗೆ ಕೈ ಪಳಗಿದವರು ಕೊಳ್ಳುವ ಮೊದಲು ಒಮ್ಮೆ ಮುಟ್ಟಿ ನೋಡಿ. ಇಲ್ಲಿ ಸಿಗದಿದ್ದರೆ ಬೆಂಗಳೂರಿಗೆ ಹೋದಾಗಲಾದರೂ ನೋಡಿ. ಎರಡೂ ಬಂದು ವರ್ಷಗಳಾದವು, ಹಾಗಾಗಿ ಅಂಗಡಿಗೆ ಹೋಗುವ ಮೊದಲು ಫೋನ್ ಮಾಡಿ ಸ್ಟಾಕ್ ಕೇಳಿ.

ಆರ್ಟುರಿಯಾದ ಮೈಕ್ರೊಫ್ರೀಕ್ ಬಗ್ಗೆಯೂ ತುಂಬ ಜನ ಕೇಳುತ್ತಾರೆ. ಫಿಲ್ಟರ್ ಅನಲಾಗ್, ಆಸಿಲೇಟರ್ ಡಿಜಿಟಲ್. ಶಬ್ದದ ವೈವಿಧ್ಯದಲ್ಲಿ ಮೇಲಿನ ಕೊರ್ಗ್ ಪೆಟ್ಟಿಗೆಗಳನ್ನು ಮೀರಿಸುತ್ತದೆ. ಅನಲಾಗ್ ಎಂಬ ಹೆಸರೇ ಮುಖ್ಯ ಅಲ್ಲದಿದ್ದರೆ ಒಳ್ಳೆಯ ಖರೀದಿ. ಕೀ ಮಾತ್ರ ಇಲ್ಲೂ ಮುಟ್ಟುವ ಪಟ್ಟಿಯೇ.

ಕ್ರೇವ್ ಮತ್ತು ಮದರ್ 32: ವಯರ್ ಹಿಡಿಯುವ ಆಸೆಗೆ

ಇವು ಸೆಮಿ ಮಾಡ್ಯುಲರ್. ಅಂದರೆ ಒಳಗೆ ಎಲ್ಲ ಮೊದಲೇ ಜೋಡಿಸಿರುತ್ತದೆ, ಒಂದೂ ವಯರ್ ಹಾಕದೆ ಶಬ್ದ ಬರುತ್ತದೆ. ವಯರ್ ಹಾಕಿದಾಗ ಒಳಗಿನ ಜೋಡಣೆ ಮುರಿದು ನೀವು ಹೇಳಿದ ಹಾಗೆ ನಡೆಯುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೂಗ್ ಕಂಪನಿ ಮದರ್ 32 ತಂದದ್ದು 2015ರಲ್ಲಿ, 599 ಡಾಲರ್‌ಗೆ. ಒಂದು ಆಸಿಲೇಟರ್, ಲ್ಯಾಡರ್ ಫಿಲ್ಟರ್, 32 ಹೆಜ್ಜೆಯ ಸೀಕ್ವೆನ್ಸರ್, 32 ಪ್ಯಾಚ್ ಪಾಯಿಂಟ್. ಬೆರಿಂಗರ್ 2019ರಲ್ಲಿ ಅದೇ ದಾರಿಯಲ್ಲಿ ಕ್ರೇವ್ ತಂದಿತು, ಬೆಲೆ ಮೂರನೇ ಒಂದು ಪಾಲು. ನಕಲು ಕೊಳ್ಳಬಹುದಾ ಎಂದು ಕೆಲವರಿಗೆ ಮನಸ್ಸು ಕಚ್ಚುತ್ತದೆ. ಲ್ಯಾಡರ್ ಫಿಲ್ಟರ್‌ನ ಪೇಟೆಂಟ್ ಎಂದೋ ಮುಗಿದಿದೆ, ಕಾನೂನಿನ ತೊಡಕಿಲ್ಲ. ಹೊಸದನ್ನು ಕಂಡುಹಿಡಿದವರಿಗೆ ದುಡ್ಡು ಹೋಗಬೇಕು ಎಂಬ ಮಾತಿನಲ್ಲೂ ನ್ಯಾಯ ಇದೆ. ಕೈಯಲ್ಲಿ ಇದ್ದವರು ಮೂಗ್ ಕೊಳ್ಳಲಿ, ಗಟ್ಟಿ ಕಟ್ಟಡ, ಮಾರುವಾಗಲೂ ಬೆಲೆ ಬರುತ್ತದೆ. ಇಲ್ಲದವರು ಕ್ರೇವ್ ಕೊಂಡು ಕಲಿಯಲಿ. ಕಲಿಯುವ ಹುಡುಗ ಹುಡುಗಿಯರ ಕೈಗೆ ಲ್ಯಾಡರ್ ಫಿಲ್ಟರ್ ಸಿಗುವುದೇ ನನಗೆ ಮುಖ್ಯ.

ಉಡುಪಿಯ ಚೆಂಡೆ ಕಲಾವಿದರಿಗೆ ನಾನು ಕ್ರೇವ್ ಹೇಳಿದ್ದು ಯಾಕೆ ಎಂದು ವಿವರಿಸುತ್ತೇನೆ. ಮಿಕ್ಸ್ ನಾಬ್ ಅನ್ನು ನಾಯ್ಸ್ ಕಡೆಗೆ ತಿರುಗಿಸಿ. ರೆಸೊನೆನ್ಸ್ ಪೂರ್ತಿ ಏರಿಸಿ, ಫಿಲ್ಟರ್ ತಾನೇ ಕೂಗಲು ಶುರು ಮಾಡುವವರೆಗೆ. ಕಟ್‌ಆಫ್, ಅಂದರೆ ಫಿಲ್ಟರ್ ಸೋಸುವ ಗಡಿ, ನಡುವಿನಲ್ಲಿರಲಿ. ಎನ್ವೆಲಪ್‌ನಿಂದ ಕಟ್‌ಆಫ್‌ಗೆ ಹೋಗುವ ಪ್ರಮಾಣ ಜಾಸ್ತಿ ಮಾಡಿ, ಅಟ್ಯಾಕ್ (ಏರುವ ಹೊತ್ತು) ಸೊನ್ನೆ, ಡಿಕೇ (ಇಳಿಯುವ ಹೊತ್ತು) ತುಂಬಾ ಚಿಕ್ಕದು. ಈಗ ಒಂದು ಬಟನ್ ಒತ್ತಿ. ಕೋಲು ಚರ್ಮಕ್ಕೆ ಬಿದ್ದ ಆ ಮೊದಲ ಚಟ್ ಎಂಬ ಏಟು, ಅದರ ಹಿಂದೆಯೇ ಮೇಲಿನಿಂದ ಜಾರಿ ಇಳಿಯುವ ನಾದ. ಡಿಕೇ ಕೂದಲೆಳೆಯಷ್ಟು ಉದ್ದ ಮಾಡಿದರೆ ಹೊಡೆತ ಮೆತ್ತಗಾಗುತ್ತದೆ, ಮದ್ದಳೆಯ ಕಡೆಗೆ ವಾಲುತ್ತದೆ. ಇದು ಚೆಂಡೆಗೆ ಬದಲಿ ಅಲ್ಲವೇ ಅಲ್ಲ. ಆದರೆ ಚೆಂಡೆಯ ಏಟಿನೊಳಗೆ ಏನೇನಿದೆ ಎಂದು ಬಿಡಿಸಿ ತೋರಿಸುತ್ತದೆ. ಸೀಕ್ವೆನ್ಸರ್‌ನ ಉದ್ದವನ್ನು ಬೇಕಾದಷ್ಟಕ್ಕೆ ನಿಲ್ಲಿಸಬಹುದು. ಏಳಕ್ಕೆ ನಿಲ್ಲಿಸಿದರೆ ತ್ರಿವುಡೆ, ಹತ್ತಕ್ಕೆ ನಿಲ್ಲಿಸಿದರೆ ಝಂಪೆ. ಹದಿನಾರರ ಚೌಕಟ್ಟಿನಲ್ಲೇ ಸುತ್ತುವ ಡೆಮೊಗಳಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ.

ಕ್ರೇವ್‌ನಲ್ಲಿ ಕೀಬೋರ್ಡ್ ಇಲ್ಲ, ಬರೀ ಸಣ್ಣ ಬಟನ್‌ಗಳು. ನುಡಿಸಬೇಕಾದರೆ ಮಿಡಿ ಮೂಲಕ, ಇಲ್ಲವೇ ಕಂಪ್ಯೂಟರ್ ನಡುವೆ ಇಟ್ಟು ಯುಎಸ್‌ಬಿ ಮೂಲಕ ಬೇರೆ ಕೀಬೋರ್ಡ್ ಜೋಡಿಸಬೇಕು. ಸೆಲ್ ಇಲ್ಲ, ಶಬ್ದ ಉಳಿಸುವ ಮೆಮೊರಿ ಇಲ್ಲ. ಜ್ಯಾಕ್‌ಗಳೆಲ್ಲ ಮೇಲ್ಮುಖವಾಗಿ ತೆರೆದಿರುವುದರಿಂದ ಧೂಳು, ತೇವ ಎರಡಕ್ಕೂ ಸಲೀಸು. ಆಡದ ಹೊತ್ತಿನಲ್ಲಿ ಮುಚ್ಚಿಡುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ.

ಒಂದು ಎಚ್ಚರಿಕೆ. ಕೊರ್ಗ್ ಎಂಎಸ್ 20 ಮಿನಿ, ಬೆರಿಂಗರ್ ಕೆ 2 ಕೂಡ ವಯರ್ ಚುಚ್ಚುವ ಸಿಂತ್‌ಗಳೇ, ಶಬ್ದ ಕಾಡುಕೋಣದಂತೆ ನುಗ್ಗುತ್ತದೆ, ನನಗೆ ಬಹಳ ಇಷ್ಟ. ಆದರೆ ಅವು 1978ರ ಮೂಲ ಎಂಎಸ್ 20 ಹಾಗೆ ಹರ್ಟ್ಸ್ ಪ್ರತಿ ವೋಲ್ಟ್ ಲೆಕ್ಕದಲ್ಲಿ ಸ್ವರ ಹಿಡಿಯುತ್ತವೆ. ಕ್ರೇವ್, ಮದರ್ 32, ಇಡೀ ಯುರೋರ‍್ಯಾಕ್ ಲೋಕ ನಡೆಯುವುದು 1 ವೋಲ್ಟ್ ಪ್ರತಿ ಆಕ್ಟೇವ್ ಲೆಕ್ಕದಲ್ಲಿ, ಒಂದು ವೋಲ್ಟ್ ಏರಿದರೆ ಒಂದು ಸ್ಥಾಯಿ ಮೇಲೆ. ಎರಡನ್ನೂ ನೇರ ಜೋಡಿಸಿದರೆ ಶ್ರುತಿ ಎಲ್ಲೆಲ್ಲೋ ಹೋಗುತ್ತದೆ. ಮುಂದೆ ಮಾಡ್ಯೂಲ್ ಸೇರಿಸುವ ಯೋಚನೆ ಇದ್ದರೆ ಮೊದಲ ಪೆಟ್ಟಿಗೆಯಾಗಿ ಎಂಎಸ್ 20 ಬೇಡ.

ಯುರೋರ‍್ಯಾಕ್: ತಡವಾಗಿ ಬನ್ನಿ

ಜರ್ಮನಿಯ ಡೀಟರ್ ಡೋಪ್‌ಫರ್ 1990ರ ದಶಕದ ನಡುವಿನಲ್ಲಿ ಎ 100 ಎಂಬ ವ್ಯವಸ್ಥೆ ತಂದಾಗ ಹಾಕಿಕೊಟ್ಟ ಅಳತೆಯೇ ಇವತ್ತಿನ ಯುರೋರ‍್ಯಾಕ್. ಮಾಡ್ಯೂಲ್‌ನ ಎತ್ತರ 128.5 ಮಿ.ಮೀ., ಅಗಲ ಎಚ್‌ಪಿ ಲೆಕ್ಕದಲ್ಲಿ, ಒಂದು ಎಚ್‌ಪಿ ಅಂದರೆ 5.08 ಮಿ.ಮೀ. ಪವರ್ ಪ್ಲಸ್ 12, ಮೈನಸ್ 12 ವೋಲ್ಟ್. ಬೇರೆ ಬೇರೆ ದೇಶದ ನೂರಾರು ತಯಾರಕರ ಮಾಡ್ಯೂಲ್‌ಗಳು ಒಂದೇ ಕೇಸ್‌ನಲ್ಲಿ ಕೂರುವುದು ಈ ಒಪ್ಪಂದದಿಂದ. ಮಾಡ್ಯುಲರ್ ನಮ್ಮ ದೇಶಕ್ಕೆ ತೀರಾ ಹೊಸತೂ ಅಲ್ಲ. 1969ರಲ್ಲೇ ಅಹಮದಾಬಾದ್‌ನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಡೇವಿಡ್ ಟ್ಯೂಡರ್ ಮೂಲಕ ಮೂಗ್ ಮಾಡ್ಯುಲರ್ ಬಂದಿತ್ತು, ಅಲ್ಲಿ ನಮ್ಮವರೇ ಕೂತು ಅದರಲ್ಲಿ ಸಂಗೀತ ಮಾಡಿದ್ದರು.

ಇಷ್ಟು ಪ್ರೀತಿ ಇದ್ದೂ ಮೊದಲ ಖರೀದಿಯಾಗಿ ಇದನ್ನು ನಾನು ಒಪ್ಪುವುದಿಲ್ಲ. ಕಾರಣ ಲೆಕ್ಕದಲ್ಲೇ ಇದೆ. ಒಂದು ಸ್ವರ ಹೊರಡಲು ಆಸಿಲೇಟರ್, ಫಿಲ್ಟರ್, ವಿಸಿಎ (ಸದ್ದಿನ ಮಟ್ಟ ಏರಿಳಿಸುವ ಭಾಗ), ಎನ್ವೆಲಪ್ ಬೇಕು. ಅದಕ್ಕೆ ಜೀವ ತುಂಬಲು ಎಲ್‌ಎಫ್‌ಒ (ಶಬ್ದವನ್ನು ಅಲುಗಾಡಿಸುವ ನಿಧಾನ ಆಸಿಲೇಟರ್), ನುಡಿಸಲು ಮಿಡಿ ಮಾಡ್ಯೂಲ್, ಕೇಳಲು ಔಟ್‌ಪುಟ್ ಮಾಡ್ಯೂಲ್, ಎಲ್ಲವನ್ನೂ ಕೂರಿಸಲು ಕೇಸ್, ಓಡಿಸಲು ಪವರ್. ಒಂದೊಂದು ಮಾಡ್ಯೂಲ್ 100 ಡಾಲರ್ ದಾಟುವುದು ಮಾಮೂಲಿ. ಎಲ್ಲ ಸೇರಿದಾಗ ಮದರ್ 32ರ ಬೆಲೆ ದಾಟಿರುತ್ತದೆ, ಕೈಯಲ್ಲಿರುವುದು ಮಾತ್ರ ಅದಕ್ಕಿಂತ ಕಡಿಮೆ. ಬೆರಿಂಗರ್‌ನ ಸಿಸ್ಟಮ್ 100 ಸಾಲಿನ ಕಡಿಮೆ ಬೆಲೆಯ ಮಾಡ್ಯೂಲ್‌ಗಳಿಂದ ಖರ್ಚು ಇಳಿಸಬಹುದು. ಆದರೂ ಕೇಸ್, ಪವರ್ ಖರ್ಚು ತಪ್ಪುವುದಿಲ್ಲ.

ಪವರ್‌ನಲ್ಲಿ ಉಳಿತಾಯ ಮಾಡಬೇಡಿ. ಕಳಪೆ ಪವರ್ ಆದರೆ ನಮ್ಮ ವೋಲ್ಟೇಜ್ ಏರಿಳಿತ ಶಬ್ದಕ್ಕೂ ಬರಬಹುದು. ಮಾಡ್ಯೂಲ್ ಹಿಂದಿನ ಪಟ್ಟಿ ವಯರ್‌ನ ಕೆಂಪು ಗೆರೆ ಮೈನಸ್ 12 ವೋಲ್ಟ್ ಕಡೆಗೇ ಕೂರಬೇಕು. ತಿರುಗಿಸಿ ಹಾಕಿದರೆ ಮಾಡ್ಯೂಲ್ ಸುಟ್ಟುಹೋಗಬಹುದು. ಅದನ್ನು ರಿಪೇರಿ ಮಾಡಿಸುವುದು ಇಲ್ಲಿ ಸುಲಭ ಅಲ್ಲ. ಆಂಪ್ಲಿಫಯರ್ ರಿಪೇರಿ ಮಾಡುವ ಜಾಣರು ಮಂಗಳೂರಿನಲ್ಲೂ ಉಡುಪಿಯಲ್ಲೂ ಇದ್ದಾರೆ, ಜ್ಯಾಕ್, ಪಾಟ್ (ನಾಬ್‌ನ ಕೆಳಗಿನ ಬಿಡಿಭಾಗ) ಬದಲಿಸಿ ಕೊಡುತ್ತಾರೆ. ಸಾಸಿವೆ ಗಾತ್ರದ ಬಿಡಿಭಾಗ ಕೂರಿಸಿದ ಬೋರ್ಡ್ ಕೆಟ್ಟರೆ ಹೊರಗೆ ಕಳಿಸಬೇಕಾಗುತ್ತದೆ.

ಹಾಗಾದರೆ ಯಾವಾಗ? ಕ್ರೇವ್‌ನಂಥ ಪೆಟ್ಟಿಗೆಯಲ್ಲಿ ಆಡುತ್ತಾ "ಇನ್ನೊಂದು ಎನ್ವೆಲಪ್ ಇದ್ದಿದ್ದರೆ" ಎಂದು ಪದೇ ಪದೇ ಅನ್ನಿಸಿದಾಗ. ಆಗ ಸಣ್ಣ ಕೇಸ್, ಆ ಒಂದು ಮಾಡ್ಯೂಲ್ ಮಾತ್ರ ತನ್ನಿ. ಕ್ರೇವ್ ಅದರ ಪಕ್ಕದಲ್ಲೇ ಕೂತು ಸಾಕಷ್ಟು ಕೆಲಸ ಮಾಡುತ್ತದೆ. ಕೊಳ್ಳುವ ಮೊದಲು ಅದೇ ಬಗೆಯ ಮಾಡ್ಯೂಲ್ ವಿಸಿವಿಯಲ್ಲಿ ಇದ್ದರೆ ಬಳಸಿ ನೋಡಿ, ಅಗಲ ಮತ್ತು ಕರೆಂಟಿನ ಲೆಕ್ಕವನ್ನು ಮಾಡ್ಯುಲರ್‌ಗ್ರಿಡ್ ಜಾಲತಾಣದಲ್ಲಿ ಹಾಕಿ.

ಬೆಸುಗೆ ಬಲ್ಲ ಸುರತ್ಕಲ್‌ನವರಿಗೆ ಬೇರೆ ಮಾತು. ನೀವು 40106 ಎಂಬ ಚಿಪ್‌ನಿಂದ ಶುರು ಮಾಡಿ. ಒಂದು ಚಿಪ್‌ನಲ್ಲಿ ಆರು ಆಸಿಲೇಟರ್ ಮಾಡಬಹುದು, ಒಂದೊಂದಕ್ಕೂ ಬೇಕಾದದ್ದು ಒಂದು ಕೆಪಾಸಿಟರ್, ಒಂದು ಪಾಟ್. 9 ವೋಲ್ಟ್ ಬ್ಯಾಟರಿ ಸಾಕು, ಬಹಳ ಕಡಿಮೆ ಖರ್ಚು. ಮುಂದಿನ ಹೆಜ್ಜೆಗೆ ಎರಿಕಾ ಸಿಂತ್ಸ್ ಮತ್ತು ಮೊರಿಟ್ಸ್ ಕ್ಲೈನ್ ಸೇರಿ ತಂದಿರುವ ಕಿಟ್‌ಗಳಿವೆ, ಪ್ರತಿ ಸರ್ಕಿಟ್ ಯಾಕೆ ಹಾಗಿದೆ ಎಂದು ಬಿಡಿಸಿ ಹೇಳುತ್ತವೆ.

ಯಾರಿಗೆ ಯಾವುದು?

ಹಾಸ್ಟೆಲ್‌ನವರಿಗೆ ವಿಸಿವಿ, ಜೊತೆಗೆ ಕೈಲಾದರೆ ಒಂದು ವೋಲ್ಕಾ. ರಾಗ, ಶ್ರುತಿ ಮುಖ್ಯ ಆದವರಿಗೆ ಮೊನೊಲಾಗ್, ಎರಡನೇ ಯೋಚನೆ ಬೇಡ. ಕಾಯರ್, ರಸಮಂಜರಿಯವರಿಗೆ ಮಿನಿಲಾಗ್. ಆದರೆ ಈಗಿರುವ ಕೀಬೋರ್ಡ್ ಮಾರಬೇಡಿ, ಪಿಯಾನೊ, ಸ್ಟ್ರಿಂಗ್ಸ್ ಶಬ್ದ ಇದರಲ್ಲಿ ಹಾಗೆಯೇ ಬರುವುದಿಲ್ಲ. ತಾಳ, ಏಟು, ಶಬ್ದದ ಒಳಗುಟ್ಟು ಬೇಕಾದವರಿಗೆ ಕ್ರೇವ್. ಮೊನೊಲಾಗ್, ಕ್ರೇವ್ ನಡುವೆ ಇನ್ನೂ ತೂಗಾಡುತ್ತಿದ್ದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಿನ್ನೆ ಮಾಡಿದ ಶಬ್ದ ಇವತ್ತು ಹಾಗೆಯೇ ವಾಪಸ್ ಬೇಕಾ? ಬೇಕೆಂದರೆ ಮೊನೊಲಾಗ್.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕೈಯಲ್ಲಿ ಹೆಡ್‌ಫೋನ್ ಹಿಡಿದುಕೊಂಡೇ ಹೋಗಿ. ಒಂದೊಂದೇ ನಾಬ್ ತಿರುಗಿಸಿ ಕರಕರ ಇದೆಯಾ ಕೇಳಿ. ಪ್ರತಿ ಜ್ಯಾಕ್‌ಗೆ ವಯರ್ ಹಾಕಿ ಮೆಲ್ಲಗೆ ಅಲ್ಲಾಡಿಸಿ. ಸೆಲ್ ಡಬ್ಬಿ ತೆಗೆದು ಹಸಿರು ಕಿಲುಬು ಇದೆಯಾ ನೋಡಿ, ಹಳೆಯ ಸೆಲ್ ಸೋರಿದ್ದರೆ ಅಲ್ಲೇ ಗೊತ್ತಾಗುತ್ತದೆ. ಒಂದು ಸ್ವರ ಹಿಡಿದು ಸ್ಥಾಯಿ ಸ್ಥಾಯಿಯಾಗಿ ಮೇಲೆ ಹೋಗಿ, ಫೋನಿನ ಟ್ಯೂನರ್‌ನಲ್ಲಿ ಶ್ರುತಿ ನೋಡಿ. ಮೇಲಿನ ಸ್ಥಾಯಿಯಲ್ಲಿ ಇಳಿದಿದ್ದರೆ ಕ್ಯಾಲಿಬ್ರೇಶನ್ ಬೇಕು, ಬೆಲೆ ಇಳಿಸಲು ಅದು ಸಾಕಷ್ಟು ಕಾರಣ.

ಮನೆಗೆ ತಂದ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಾಗುವ ಜೆಲ್ ಆದರೆ ಯಾವಾಗ ಒಣಗಿಸಬೇಕೆಂದು ನೋಡಿದರೇ ತಿಳಿಯುತ್ತದೆ. ಮಳೆಗಾಲದಲ್ಲಿ ಆಡದೆ ತಿಂಗಳುಗಟ್ಟಲೆ ಇಡಬೇಡಿ, ವಾರಕ್ಕೊಮ್ಮೆಯಾದರೂ ಆನ್ ಮಾಡಿ ಎಲ್ಲ ನಾಬ್ ತಿರುಗಿಸಿ. ಇಡುವ ಮೊದಲು ಸೆಲ್ ಹೊರಗೆ ತೆಗೆಯಿರಿ. ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಅಡಾಪ್ಟರ್ ಅನ್ನೇ ಗೋಡೆಯಿಂದ ಕಿತ್ತಿಡಿ.